ಹಿಂದೆ ನಾಲ್ಕು ಬೆರಳು ಉದ್ದ

ದೊಡ್ಡಪ್ಪನ ಬೆನ್ನು ಬಗ್ಗಿದ್ದು ಹೊಲಿಗೆ ಮಿಷನ್ನಿನಿಂದ ಎಂಬುದು ನಮ್ಮ ಮನೆಯ ಅಧಿಕೃತ ಇತಿಹಾಸ. ಬಂದವರಿಗೆಲ್ಲ ಕಾಫಿ ಕೊಡುತ್ತಾ ದೊಡ್ಡಮ್ಮ ಇದನ್ನೇ ಹೇಳುತ್ತಾರೆ: "ನಲವತ್ತು ವರ್ಷ ಮಿಷನ್ ಮುಂದೆ ಬಗ್ಗಿ ಬಗ್ಗಿ ಹಿಂಗಾಗ್ಬುಟ್ರು ಕಣ್ರೀ." ಬಂದವರು ಲೊಚಗುಟ್ಟುತ್ತಾರೆ. ನನಗೆ ಲೊಚಗುಟ್ಟುವುದಕ್ಕೂ ಮೊದಲು ಸಾಕ್ಷ್ಯ ಬೇಕು. ನೀವೇ ಹೇಳಿ, ದೇವರಾಜ ಮೊಹಲ್ಲಾದಲ್ಲಿ ಅವರ ಅಂಗಡಿಯ ಸಾಲಿನಲ್ಲೇ ಇನ್ನೂ ಮೂವರು ದರ್ಜಿಗಳಿದ್ದಾರೆ, ಅಷ್ಟೇ ವರ್ಷ ಬಗ್ಗಿದವರು. ಮೂವರೂ ಸಂಜೆ ಶಟರ್ ಎಳೆದು ನೆಟ್ಟಗೆ ನಡೆದುಕೊಂಡು ಮನೆಗೆ ಹೋಗುತ್ತಾರೆ. ಮಿಷನ್ ನಿರಪರಾಧಿ.

ಇವತ್ತು ಬೆಳಿಗ್ಗೆ ಅವರನ್ನು ಡಾಕ್ಟರ ಬಳಿ ಕರೆದೊಯ್ಯಲೆಂದು ಅವರ ತಿಳಿಹಳದಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಎರಡು ವರ್ಷದ ಹಿಂದೆ ದಸರಾ ರಜೆಗೆ ಮುಂಚೆ ನಡೆದ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಬರಲೆಂದೇ ಅವರು ಹೊಲಿದುಕೊಂಡ ಶರ್ಟು ಅದು. ನಾನು ಟ್ರೋಫಿ ಹಿಡಿದಿರುವ ಫೋಟೋದಲ್ಲಿ ನನ್ನ ಪಕ್ಕ ಇದೆ. ಮಡಿಸಲು ಹೋದರೆ ಅಂಚಿಗೆ ಅಂಚು ಕೂಡಲಿಲ್ಲ. ಹಿಂಭಾಗ ನಾಲ್ಕು ಬೆರಳು ಉದ್ದ. ಇಂಥ ದರ್ಜಿಯ ಕತ್ತರಿಯೂ ತಪ್ಪುತ್ತದಲ್ಲ ಎಂದು ನನಗೆ ಸಣ್ಣ ಖುಷಿಯೇ ಆಯಿತು. ಇನ್ನೊಬ್ಬರ ತಪ್ಪು ಸಿಕ್ಕಾಗ ನನ್ನ ಮುಖಕ್ಕೆ ಬರುವ ಕಳೆಯನ್ನು ಆ ಫೋಟೋದಲ್ಲೂ ನೋಡಬಹುದು.

ಆ ಟ್ರೋಫಿಯ ಅಮಲಿನಲ್ಲೇ, ಮುಂದಿನ ಯುಗಾದಿಯ ಹೊತ್ತಿಗೆ, ನಾನು ದೊಡ್ಡಪ್ಪನ ಬೆನ್ನಿನ ವಿಚಾರಣೆ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅವರು ನಡೆಯುವಾಗ ನೆಲದಲ್ಲಿ ಏನೋ ಹುಡುಕುವವರಂತೆ ಕಾಣುತ್ತಿದ್ದರು. ಆದರೆ ಮಧ್ಯಾಹ್ನ ಚಾಪೆಯ ಮೇಲೆ ಒರಗಿದರೆ ಬೆನ್ನು ಹಲಗೆಯಷ್ಟು ನೆಟ್ಟಗೆ.

"ದೊಡ್ಡಪ್ಪ, ಬೆನ್ನು ನಿಜವಾಗ್ಲೂ ಬಗ್ಗಿದ್ರೆ ಮಲಗಿದಾಗ್ಲೂ ಬಗ್ಗೇ ಇರ್ಬೇಕು. ನಿಮ್ಮದು ಇಲ್ಲ. ಅಂದ್ರೆ ಇದು ಬರೀ ಅಭ್ಯಾಸ."

ದೊಡ್ಡಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ, "ಇವಳ ಹತ್ರ ಮಾತಲ್ಲಿ ಗೆಲ್ಲಕ್ಕಾಯ್ತದಾ, ಸುಮ್ನೆ ಒಪ್ಕೊಂಬುಡಿ" ಎಂದರು.

"ಸರಿ ಕಣಮ್ಮ, ಏನ್ ಮಾಡ್ಬೇಕು ಹೇಳು" ಎಂದರು ದೊಡ್ಡಪ್ಪ.

ನಡುಮನೆಯ ಗೋಡೆಗೆ ನಿಲ್ಲಿಸಿದೆ. ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗಬೇಕು. ದಿನಾ ಕಾಲು ಗಂಟೆ. ಎಂಟು ತಿಂಗಳು ನಿಂತರು. ಅಂಗೈ ಒತ್ತಿ ಒಂದಿಷ್ಟು ಮೇಲೇಳುವರು, ಮತ್ತೆ ನಿಧಾನವಾಗಿ ಮುಂದಕ್ಕೆ ಬಾಗುವರು. ನಾನು ಮೊಬೈಲ್ ನೋಡುತ್ತಾ, "ಇನ್ನೂ ಆರು ನಿಮಿಷ ಇದೆ" ಎನ್ನುತ್ತಿದ್ದೆ. ರಾಮಕೃಷ್ಣನಗರದ ಈ ಮನೆಯ ಗೋಡೆಯಲ್ಲಿ ಅವರ ಅಂಗೈ ಕಲೆಗಳು ಇನ್ನೂ ಇವೆ. ತಲೆಯೆಣ್ಣೆಯ ಕಲೆ ಇಲ್ಲ. ತಲೆ ಗೋಡೆಯನ್ನು ಮುಟ್ಟಿದ್ದೇ ಇಲ್ಲ. ಸಾಕ್ಷ್ಯ ಕೇಳುವ ನಾನು ಅದನ್ನು ನೋಡಲಿಲ್ಲ.

ಕೊನೆಗೆ ಸೂಜಿಗೆ ದಾರ ಪೋಣಿಸಲು ಕೈ ನಿಲ್ಲದೆ ಡಾಕ್ಟರ ಬಳಿ ಹೋದಾಗ ತೀರ್ಪು ಬಂತು: ಪಾರ್ಕಿನ್ಸನ್ ಕಾಯಿಲೆ. ಬೆನ್ನನ್ನು ಎತ್ತಿ ಹಿಡಿಯುವ ಸ್ನಾಯುಗಳು ಸೋತಿವೆ. ಮೂಳೆ ಬಗ್ಗಿಲ್ಲ, ಅದಕ್ಕೇ ಮಲಗಿದರೆ ನೆಟ್ಟಗಾಗುತ್ತದೆ. ನನ್ನ ಅತ್ಯುತ್ತಮ ಸಾಕ್ಷಿ ಎದುರು ಪಕ್ಷದವನಾಗಿದ್ದ. ಅಂದಿನಿಂದ ನನ್ನ ಬಳಿ ಉಳಿದ ಸಮರ್ಥನೆ ಒಂದೇ: ಆಗ ಯಾರಿಗೂ ಗೊತ್ತಿರಲಿಲ್ಲ, ಸ್ವತಃ ದೊಡ್ಡಪ್ಪನಿಗೂ.

ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಮತ್ತೆ ಅಂಚು ಅಳೆದೆ. ಚಿಕ್ಕಂದಿನಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಕೇಳಿದ ಅವರ ಮಾತು ನೆನಪಾಯಿತು: "ಬೆನ್ನು ಬಗ್ಗಿದೋರಿಗೆ ಹಿಂದ್ಗಡೆ ಬಟ್ಟೆ ಉದ್ದ ಬುಡಬೇಕು ಕಣಮ್ಮ, ಆಗ ನಿಂತಾಗ ಅಂಚು ಸಮ ಕಾಣ್ತದೆ. ಅಳತೆ ಪುಸ್ತಕದಲ್ಲಿ ಮಾತ್ರ ಬರೀಬಾರ್ದು. ಗಿರಾಕಿ ಓದ್ಬುಟ್ರೆ ನೊಂದ್ಕೋತಾರೆ."

ಫೋಟೋ ತೆಗೆದು ನೋಡಿದೆ. ನನ್ನತ್ತ ತಿರುಗಿ ನಿಂತ ದೊಡ್ಡಪ್ಪನ ಶರ್ಟಿನ ಅಂಚು ಹಿಂದೆ ಮುಂದೆ ಸಮವಾಗಿದೆ.

ಶರ್ಟು ಹಿಡಿದು ಅವರ ಕೋಣೆಗೆ ಹೋದೆ. ಮಂಚದ ಮೇಲೆ ನೆಟ್ಟಗೆ ಮಲಗಿದ್ದರು. ನಗುವೋ ನೋವೋ ಈಗ ಆ ಮುಖದಲ್ಲಿ ಗೊತ್ತಾಗುವುದಿಲ್ಲ; ಕಾಯಿಲೆ ಅದನ್ನೂ ಬಿಗಿದಿದೆ. ಕಣ್ಣು ಮಾತ್ರ ನಿಧಾನವಾಗಿ ಶರ್ಟಿನ ಕಡೆ ಹೊರಳಿತು.

"ದೊಡ್ಡಪ್ಪ, ಇದನ್ನ ಕತ್ತರಿಸೋವಾಗ್ಲೇ ನಿಮ್ಮ ಬೆನ್ನು ನಿಜವಾಗ್ಲೂ ಬಗ್ಗಿದೆ ಅಂತ ನಿಮಗೆ ಗೊತ್ತಿತ್ತು. ಮತ್ತೆ ನಾನು ಹೇಳ್ದೆ ಅಂತ ಎಂಟು ತಿಂಗಳು ಆ ಗೋಡೆಗೆ ಯಾಕೆ ನಿಂತ್ರಿ?"