ನಾನು ಓದಿ ಹೇಳಿದ ಯುರೋಪಿನ ಕಾಗದ

ಅನ್ವರ್ ಭಾಯ್, ನಿಮ್ಮ ಲಾರಿಯನ್ನು ನಮ್ಮ ಫ್ಯಾಕ್ಟರಿಯಿಂದ ಬಿಡಿಸಿದ್ದು ಯುರೋಪಿನ ಕಾನೂನಲ್ಲ. ನಾನು. ಅಂಥ ಕಾನೂನು ನಮ್ಮ ರಸ್ತೆಗೆ ಬಂದೇ ಇರಲಿಲ್ಲ. ಆರು ವರ್ಷದ ಹಿಂದೆ ಒಂದು ಇಂಗ್ಲಿಷ್ ಕಾಗದವನ್ನು ನಿಮ್ಮ ಮುಂದೆ ಹಿಡಿದು, ಅದರಲ್ಲಿ ಇಲ್ಲದ್ದನ್ನು ಇದೆ ಎಂದು ಓದಿ ಹೇಳಿದೆ. ನೀವು ನಂಬಿದಿರಿ. ನಂಬದೆ ಏನು ಮಾಡುತ್ತೀರಿ — ಹನ್ನೊಂದು ವರ್ಷ ನಿಮ್ಮ ಕೈಗೆ ಬಂದ ಪ್ರತಿಯೊಂದು ಕಾಗದವನ್ನೂ ಓದಿ ಹೇಳಿದವನು ನಾನೇ.

ಇಷ್ಟು ಬರೆಯಲು ಬೆಳಗಿನಿಂದ ಕೂತಿದ್ದೇನೆ. ಮೂರು ಹಾಳೆ ಹರಿದು ಹಾಕಿದೆ. ಮೊದಲನೆಯದರಲ್ಲಿ ನನ್ನ ಬಿ.ಪಿ. ವಿಷಯ ಬರೆದಿದ್ದೆ, ಎರಡನೆಯದರಲ್ಲಿ ಆಗಿನ ಮ್ಯಾನೇಜರು ಎಷ್ಟು ಮುಂಗೋಪಿ ಎಂದು. ಮೂರನೆಯದರಲ್ಲಿ ಏನಿತ್ತೆಂದು ಹೇಳುವುದಕ್ಕೂ ನಾಚಿಕೆಯಾಗುತ್ತದೆ. ತಪ್ಪು ಮಾಡಿದವನ ಬುದ್ಧಿ ಎಲ್ಲಿ ಸಂದು ಸಿಗುತ್ತದೆ ಎಂದು ಹುಡುಕುತ್ತಲೇ ಇರುತ್ತದೆ.

ಇದನ್ನು ಓದುವವರಿಗೆ ಎಲ್ಲವೂ ಗೊತ್ತಿರಲಾರದು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯಲ್ಲಿ ನಮ್ಮ ಫ್ಯಾಕ್ಟರಿ. ಕಿರುಬೆರಳಿನಷ್ಟು ಉದ್ದದ ಮಿಡಿಸೌತೆಯನ್ನು ಉಪ್ಪುನೀರಿನ ಡ್ರಮ್ಮುಗಳಲ್ಲಿ ತುಂಬಿ ಯುರೋಪಿಗೆ ಕಳಿಸುವುದು ಅಲ್ಲಿನ ಕೆಲಸ. ಬೆಳೆಯುವವರು ನಮ್ಮವರು, ತಿನ್ನುವವರು ಅವರು. ನಾನು, ನಾರಾಯಣಸ್ವಾಮಿ, ಚಿಂತಾಮಣಿ ಪಕ್ಕದ ಅಂಬಾಜಿದುರ್ಗದ ಕಡೆಯ ಹೊಲಮನೆಯವನು, ಅಲ್ಲಿ ಡಿಸ್ಪ್ಯಾಚ್ ವಿಭಾಗದಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ನೀವು ಶಿಡ್ಲಘಟ್ಟದವರು. ಮನೆಯಲ್ಲಿ ಎಲ್ಲರೂ ರೇಷ್ಮೆ ನೂಲು ತೆಗೆಯುವವರಾದರೆ ನೀವೊಬ್ಬರು ಹಟ ಹಿಡಿದು ಸ್ವಂತ ಟ್ರೈಲರ್ ಲಾರಿ ಮಾಡಿದಿರಿ. ನಮ್ಮ ಕಂಟೇನರನ್ನು ಹೇರಿಕೊಂಡು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಚೆನ್ನೈ ಬಂದರಿಗೆ ಮುಟ್ಟಿಸುತ್ತಿದ್ದಿರಿ.

ನಿಮ್ಮದೊಂದು ಪದ್ಧತಿ ಇತ್ತು. ಶಿಡ್ಲಘಟ್ಟ ದಾಟುವಾಗ ಚಿಂತಾಮಣಿ ರಸ್ತೆಯ ತಿರುವಿನಲ್ಲಿ ನಿಮ್ಮ ಹೆಂಡತಿ ಮುನೀರಾ ಊಟದ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ನೀವು ಇಂಜಿನ್ನು ಆರಿಸುತ್ತಿರಲಿಲ್ಲ. ಕಿಟಕಿಯಿಂದ ಕೈ ಚಾಚಿ ಡಬ್ಬಿ ಇಸಿದುಕೊಂಡು, ಹಿಂದಿನ ಟ್ರಿಪ್ಪಿನ ಖಾಲಿ ಡಬ್ಬಿ ಕೊಟ್ಟು ಹೊರಟುಬಿಡುತ್ತಿದ್ದಿರಿ. ಊರಿಗೆ ಹೋಗುವ ಶನಿವಾರಗಳಲ್ಲಿ ನಾನು ನಿಮ್ಮ ಲಾರಿ ಹತ್ತುತ್ತಿದ್ದೆ. ಶನಿವಾರ ನಾನು ಮಾಂಸ ಮುಟ್ಟುವುದಿಲ್ಲ ಎಂದು ನೆನಪಿಟ್ಟುಕೊಂಡು ಆ ತಾಯಿ ನನ್ನ ಪಾಲಿಗೆ ಬೇರೆ ಡಬ್ಬಿಯಲ್ಲಿ ಹುರುಳಿಕಾಯಿ ಪಲ್ಯ, ಚಪಾತಿ ಇಡುತ್ತಿದ್ದರು. ಅಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂಬುದು ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಅದನ್ನು ನೆನಪಿಡಿ.

ನೀವು ದಾರಿಯುದ್ದಕ್ಕೂ ಆ ಕಡೆಯ ಕತೆ ಕೇಳುತ್ತಿದ್ದಿರಿ. ಹಡಗಿನಿಂದ ಇಳಿಸಿದ ಮೇಲೆ ಈ ಡ್ರಮ್ಮುಗಳನ್ನು ಯಾರು ಒಯ್ಯುತ್ತಾರೆ? ಅವನ ಲಾರಿಗೆ ಎಷ್ಟು ಗಾಲಿ? ಊಟಕ್ಕೆ ಎಲ್ಲಿ ನಿಲ್ಲಿಸುತ್ತಾನೆ? ದಕ್ಷಿಣದ ಒಂದು ಬಂದರಿನಲ್ಲಿ ಇಳಿಸುತ್ತಾರೆ, ಅಲ್ಲಿಂದ ಬೆಟ್ಟಗಳನ್ನು ದಾಟಿ ಉತ್ತರದ ದೇಶಕ್ಕೆ ಎರಡು ದಿನದ ದಾರಿ ಎಂದು ನನಗೆ ತಿಳಿದಷ್ಟು ಹೇಳುತ್ತಿದ್ದೆ. ನೋಡದ ಆ ಡ್ರೈವರನ್ನು ನೀವು ನಿಮ್ಮ ಜೊತೆಗಾರನೆಂದೇ ಲೆಕ್ಕ ಹಾಕಿಕೊಂಡಿದ್ದಿರಿ. ಡ್ರಮ್ಮಿನ ಹಗ್ಗ ಬಿಗಿಯುವಾಗ ಅವನಿಗೆ ತೊಂದರೆಯಾಗಬಾರದು ಎಂದು ಇನ್ನೊಂದು ಸುತ್ತು ಬಿಗಿಯುತ್ತಿದ್ದಿರಿ.

ಈಗ ನನ್ನ ಪದ್ಧತಿಯ ವಿಷಯ. ಕಂಟೇನರಿನ ಬಾಗಿಲು ಮುಚ್ಚಿದ ಮೇಲೆ ಅದಕ್ಕೆ ನಂಬರಿರುವ ಕಬ್ಬಿಣದ ಸೀಲು ಹಾಕುತ್ತಾರೆ. ಹಾಕಿದ ಸೀಲನ್ನು ನೋಡಿ ಆ ನಂಬರನ್ನು ಕಾಗದದಲ್ಲಿ ಬರೆಯಬೇಕು. ಬಂದರಿನ ಗೇಟಿನಲ್ಲಿ ಎರಡನ್ನೂ ತಾಳೆ ನೋಡುತ್ತಾರೆ. ನಾನು ನೋಡಿ ಬರೆಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಸೀಲುಗಳು ಒಂದಾದ ಮೇಲೊಂದು ನಂಬರಿನಂತೆ ಇರುತ್ತವೆ — ಇವತ್ತು ಇದು, ನಾಳೆ ಇದರ ಮುಂದಿನದು, ಇದರಲ್ಲಿ ನೋಡುವುದೇನಿದೆ ಎಂದು ಹಿಂದಿನ ದಿನವೇ ತುಂಬಿಸಿ ಸಹಿ ಹಾಕಿಬಿಡುತ್ತಿದ್ದೆ. ನನಗೆ ಬೇಗ ಬಸ್ಸು ಹಿಡಿಯಬೇಕಿತ್ತು. ವರ್ಷಗಟ್ಟಲೆ ಹಾಗೆಯೇ ನಡೆಯಿತು. ಯಾರೂ ಕೇಳಲಿಲ್ಲ.

ಆ ಸಲ ಲೋಡಿಂಗಿನವರ ಕೈಯಲ್ಲಿ ಒಂದು ಸೀಲು ಸರಿಯಾಗಿ ಕೂರದೆ ಹಾಳಾಯಿತು. ಅವರು ಅದನ್ನು ಬಿಸಾಕಿ ಮುಂದಿನದನ್ನು ಹಾಕಿದರು. ಕಾಗದದಲ್ಲಿ ಹಾಳಾದ ಸೀಲಿನ ನಂಬರು, ಬಾಗಿಲಲ್ಲಿ ಬೇರೆ ನಂಬರು. ಅದನ್ನು ನೋಡಬೇಕಾದ ನಾನು ಎರಡು ದಿನ ರಜೆ ಹಾಕಿ ಚಿಂತಾಮಣಿಗೆ, ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಬಂದರಿನ ಗೇಟಿನಲ್ಲಿ ನಿಮ್ಮನ್ನು ತಡೆದರು. ನೀವು ನನಗೆ ಹನ್ನೊಂದು ಸಲ ಫೋನ್ ಮಾಡಿದಿರಿ. ಫೋನು ಬ್ಯಾಗಿನಲ್ಲಿತ್ತು. ನಾನು ಎರಡನೇ ಸಲ ಪಾಯಸ ಹಾಕಿಸಿಕೊಂಡು, ಹೊಸ ಮನೆಯ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೆ. ಎದ್ದು ನೋಡಿ, ಮ್ಯಾನೇಜರಿಗೆ ತಿಳಿಸದೆ ನನ್ನ ವಿಭಾಗದ ಹುಡುಗನಿಗೆ ಹೇಳಿ, ತಿದ್ದಿದ ಕಾಗದ ಕಳಿಸುವ ಹೊತ್ತಿಗೆ ಆ ಹಡಗಿಗೆ ಗೇಟು ಮುಚ್ಚಿ ಒಂದು ಗಂಟೆಯಾಗಿತ್ತು.

ವಾಪಸು ಬಂದ ಮೇಲೆ ನೀವು ನನ್ನನ್ನು ಬೈಯಬಹುದಿತ್ತು. ಗೇಟಿನ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ ನೀವು ಹೇಳಿದ್ದು ಇಷ್ಟೇ: “ಸೀಲ್ ನಂಬರಿಂದು ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ ಸ್ವಾಮಣ್ಣ. ರಿಟೈರ್ ಆಗೋ ಟೈಮಲ್ಲಿ ನಿಮ್ಗೆ ಯಾಕೆ ಕೆಟ್ಟ ಹೆಸ್ರು.”

ನೀವು ನನ್ನನ್ನು ಉಳಿಸಿದಿರಿ. ನಾನು ನಿಮ್ಮನ್ನು — ಇಲ್ಲ, ಕ್ರಮವಾಗಿ ಹೇಳುತ್ತೇನೆ.

ಒಂದೂವರೆ ತಿಂಗಳಿಗೆ ಯುರೋಪಿನಿಂದ ಆ ಕಾಗದ ಬಂತು. ನಿಜವಾಗಿ ಅದರಲ್ಲಿ ಇದ್ದದ್ದು ಇದು. ಅಲ್ಲಿನ ಸರ್ಕಾರಗಳು ರಸ್ತೆಯ ಮೇಲಿನ ಲಾರಿಗಳನ್ನು ಕಡಿಮೆ ಮಾಡಬೇಕೆಂದಿವೆ; ಹೊಗೆ ಹೆಚ್ಚಾಗಿದೆ, ಬೆಟ್ಟದ ದಾರಿಗಳಲ್ಲಿ ಲಾರಿಗಳು ಕಿಕ್ಕಿರಿದಿವೆ. ರಸ್ತೆ ಬಿಟ್ಟು ಸಮುದ್ರದಲ್ಲಿ ಸರಕು ಸಾಗಿಸುವವರಿಗೆ ಸಹಾಯವನ್ನೂ ಕೊಡುತ್ತಿವೆ. ಆದ್ದರಿಂದ ನಮ್ಮ ಡ್ರಮ್ಮು ಕೊಳ್ಳುವ ಕಂಪನಿಯೂ ದಕ್ಷಿಣದ ಬಂದರಿನಿಂದ ಉತ್ತರಕ್ಕೆ ಲಾರಿಯ ಬದಲು ಕರಾವಳಿಗುಂಟ ಹೋಗುವ ಸಣ್ಣ ಹಡಗಿನಲ್ಲಿ ಮಾಲು ಸಾಗಿಸಲು ಶುರುಮಾಡಿದೆ. ಆ ಹಡಗು ವಾರಕ್ಕೆ ಒಂದೇ ಸಲ. ಮೊದಲಾದರೆ ಇಲ್ಲಿ ತಡವಾದದ್ದನ್ನು ಅಲ್ಲಿ ಲಾರಿ ಓಡಿಸಿ ಸರಿದೂಗಿಸಬಹುದಿತ್ತು, ಇನ್ನು ಆಗುವುದಿಲ್ಲ. ಈ ಸಲ ಮಾಲು ಅಲ್ಲಿ ಬಿದ್ದು ಅಂಗಡಿಗಳಿಗೆ ತಲುಪಿಲ್ಲ. ಏಕೆ ತಡವಾಯಿತೆಂದು ತಿಳಿಸಿ, ಮತ್ತೆ ಆಗದಂತೆ ನೋಡಿಕೊಳ್ಳಿ. ಇಷ್ಟೇ. ಗೌರಿಬಿದನೂರಿನಿಂದ ಚೆನ್ನೈಗೆ ಹೋಗುವ ರಸ್ತೆಯ ಬಗ್ಗೆ ಒಂದಕ್ಷರ ಇರಲಿಲ್ಲ. ಯಾರನ್ನಾದರೂ ತೆಗೆದುಹಾಕಿ ಎಂದೂ ಇರಲಿಲ್ಲ. ಅವರು ಕಾರಣ ಕೇಳಿದ್ದರು, ಅಷ್ಟೆ. ಸೀಲು ನೋಡಿ ನಂಬರು ಬರೆಯುತ್ತೇವೆ ಎಂಬ ಒಂದು ಸಾಲಿನ ಉತ್ತರದಲ್ಲಿ ಅದು ಮುಗಿಯುತ್ತಿತ್ತು.

ಮ್ಯಾನೇಜರು ಕರೆದು ಯಾರಿಂದ ತಡವಾಯಿತು ಎಂದು ಕೇಳಿದರು. ಬಂದರಿನ ಏಜೆಂಟಿನ ಪತ್ರಗಳೆಲ್ಲ ಬರುತ್ತಿದ್ದದ್ದು ನನಗೆ. ಅವರಿಗೆ ಏನೂ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದೆ. ಯೋಚಿಸಿ ಹೇಳಿದ್ದಲ್ಲ ಎಂದು ಬರೆಯಬಹುದು, ಆದರೆ ಅದೂ ಸುಳ್ಳೇ ಆಗುತ್ತದೆ. ಆ ಕೋಣೆಗೆ ನಡೆದುಹೋಗುವಾಗಲೇ ಮಾತನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡಿದ್ದೆ.

“ಡ್ರೈವರ್ ಶಿಡ್ಲಘಟ್ಟದಲ್ಲಿ ಮನೆ ಹತ್ರ ಲಾರಿ ನಿಲ್ಸಿ, ಊಟ ಮಾಡಿ ಮಲ್ಗಿಬಿಟ್ಟ ಸಾರ್.”

ನೀವು ಅಲ್ಲಿ ಡಬ್ಬಿಗೆ ನಿಲ್ಲಿಸುವುದು ಇಡೀ ಫ್ಯಾಕ್ಟರಿಗೆ ಗೊತ್ತಿತ್ತು, ತಮಾಷೆಯನ್ನೂ ಮಾಡುತ್ತಿದ್ದರು. ಆದ್ದರಿಂದ ನನ್ನ ಸುಳ್ಳಿಗೆ ಸಾಕ್ಷಿ ಬೇಕಾಗಲಿಲ್ಲ. ಚಪಾತಿ ಕೊಟ್ಟ ಆ ಡಬ್ಬಿಯನ್ನೇ ನಾನು ನಿಮ್ಮ ಮೇಲೆ ಎತ್ತಿ ಹಾಕಿದೆ. ಆ ಲಾರಿ ಇನ್ನು ಬೇಡ, ನೀನೇ ತಿಳಿಸಿಬಿಡು ಎಂದರು ಮ್ಯಾನೇಜರು.

ತಿಳಿಸುವುದು ಹೇಗೆ? ನಿಮ್ಮ ಮೇಲೆ ಹೊರಿಸಿದ ಆರೋಪ ಹೇಳಿದರೆ ನೀವು ನೇರವಾಗಿ ಮ್ಯಾನೇಜರ ಕೋಣೆಗೆ ಹೋಗುತ್ತೀರಿ, ಸೀಲಿನ ವಿಷಯ ಹೊರಗೆ ಬರುತ್ತದೆ. ಹಾಗಾಗಿ ಅದೇ ಕಾಗದವನ್ನು ತೆಗೆದುಕೊಂಡು ಅದೇ ಟೀ ಅಂಗಡಿಗೆ ಬಂದೆ. ಬೆರಳಿಟ್ಟು ಸಾಲು ತೋರಿಸುತ್ತಾ ಓದಿದೆ: ಯುರೋಪಿನಲ್ಲಿ ಕಾನೂನು ಬಂದಿದೆ, ಅವರ ಮಾಲು ಇನ್ನು ಎಲ್ಲಿಯೂ ರಸ್ತೆಯ ಮೇಲೆ ಹೋಗುವಂತಿಲ್ಲ, ಇಲ್ಲಿಂದಲೂ ರೈಲು, ಅಲ್ಲಿಂದ ಹಡಗು, ಲಾರಿ ಪೂರ್ತಿ ಬಂದ್. ನಿಮ್ಮದೇನೂ ತಪ್ಪಿಲ್ಲ ಎಂದೂ ಸೇರಿಸಿದೆ. ಆ ಕಾಗದ ಓದುವಾಗ ನಾನು ಹೇಳಿದ ಒಂದೇ ನಿಜ ಅದು, ಅದನ್ನೂ ಮೋಸಕ್ಕೇ ಬಳಸಿದೆ.

ನೀವು ಗ್ಲಾಸು ಕೆಳಗಿಟ್ಟಿರಿ. ನಿಮ್ಮ ಲಾರಿಯ ಬಗ್ಗೆ ಕೇಳುತ್ತೀರಿ ಎಂದುಕೊಂಡೆ. ನೀವು ಕೇಳಿದ್ದು:

“ಹಂಗಾರೆ ಆ ಕಡೆ ಡ್ರೈವರು ಏನ್ ಮಾಡ್ತಾನೆ ಸ್ವಾಮಣ್ಣ?”

ನಾನು ಕಾಗದ ಮಡಚಿ ಜೇಬಿಗಿಟ್ಟೆ. ನೀವೇ ಸಮಾಧಾನ ಮಾಡಿಕೊಂಡಿರಿ. ಹೊಗೆ ಕಮ್ಮಿಯಾಗುವುದಾದರೆ ಒಳ್ಳೆಯದೇ, ಅಲ್ಲಿಯೂ ಮಕ್ಕಳುಮರಿ ಇರುತ್ತಾರಲ್ಲ, ಅವನದೂ ಹೋಯಿತು ನನ್ನದೂ ಹೋಯಿತು ಎಂದಿರಿ. ಟೀ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಅಲ್ಲಿ ಯಾರೋ ದೊಡ್ಡವರು ಸೇರಿ, ಗಾಳಿ ಚೆನ್ನಾಗಿರಲಿ ಎಂದು ಲಾರಿಯಿಂದ ಹಡಗಿಗೆ ಸರಕು ಬದಲಾಯಿಸಿದರು. ಅದು ಸರಿಯೋ ತಪ್ಪೋ ತೂಗುವಷ್ಟು ನನಗೆ ತಿಳಿಯದು. ಆದರೆ ಅವರ ಹೆಸರಿನಲ್ಲಿ ಇಲ್ಲಿ ಒಂದು ಲಾರಿ ನಿಂತುಹೋಯಿತು ಎಂಬುದು ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ದೂರದ ಕಾನೂನು ಎಷ್ಟು ಅನುಕೂಲ ನೋಡಿ! ಯಾರೂ ಹೋಗಿ ವಿಚಾರಿಸುವುದಿಲ್ಲ.

ಬರೀ ಕೆಲಸ ಹೋಗಿದ್ದರೆ ಬೇರೆ ಮಾಲು ಹುಡುಕಿಕೊಳ್ಳುತ್ತಿದ್ದಿರಿ. ಆದರೆ ನೀವು ನನ್ನ ಮಾತನ್ನು ಪೂರ್ತಿ ನಂಬಿ, ಇವತ್ತು ಅಲ್ಲಿ ಬಂದದ್ದು ನಾಳೆ ಎಲ್ಲ ಕಡೆ ಬರುತ್ತದೆ, ಟ್ರೈಲರಿಗೆ ಇನ್ನು ಕಾಲವಿಲ್ಲ ಎಂದು ತಿಂಗಳೊಳಗೆ ಲಾರಿ ಮಾರಿಬಿಟ್ಟಿರಿ. ಆಮೇಲೊಂದು ದಿನ ಫೋನ್ ಮಾಡಿ, ನಮ್ಮ ಫ್ಯಾಕ್ಟರಿಯ ಕಂಟೇನರು ಶಿಡ್ಲಘಟ್ಟದ ಮೇಲೆ ಲಾರಿಯಲ್ಲೇ ಹೋಗುವುದನ್ನು ನೋಡಿದೆ ಎಂದಿರಿ. ಅದು ಅಮೆರಿಕಕ್ಕೆ ಹೋಗುವ ಮಾಲು, ಅಮೆರಿಕಕ್ಕೆ ಆ ಕಾನೂನಿಲ್ಲ ಎಂದೆ. ಹೌದಾ ಸ್ವಾಮಣ್ಣ ಎಂದು ಫೋನ್ ಇಟ್ಟಿರಿ. ಮತ್ತೆ ಯಾವತ್ತೂ ಕೇಳಲಿಲ್ಲ. ಈಗ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಬೇರೆಯವರ ಟೆಂಪೊ ಓಡಿಸುತ್ತಿದ್ದೀರಿ. ನಾನು ಹಾರ, ಶಾಲು ಹಾಕಿಸಿಕೊಂಡು, ಒಂದೂ ಕಪ್ಪುಚುಕ್ಕೆಯಿಲ್ಲದ ಸೇವೆ ಎಂದು ಹೊಗಳಿಸಿಕೊಂಡು ನಿವೃತ್ತನಾಗಿ ಚಿಕ್ಕಬಳ್ಳಾಪುರದಲ್ಲಿ ಇದ್ದೇನೆ.

ಇಷ್ಟನ್ನೂ ನುಂಗಿಕೊಂಡು ಸಾಯುವವನೇ ಇದ್ದೆ, ಅನ್ವರ್ ಭಾಯ್. ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳಬೇಡಿ. ಬರೆಯುವಂತೆ ಮಾಡಿದ್ದು ಹೋದ ವಾರ ನಡೆದದ್ದು.

ಊರಿಗೆ ಹೋಗುವಾಗ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆ. ಮುನೀರಾ ಗುರುತು ಹಿಡಿದು ಹತ್ತಿರ ಬಂದರು. ನನ್ನ ಆರೋಗ್ಯ ಕೇಳಿದರು. ಆಮೇಲೆ ಸುತ್ತ ನೋಡಿ, ಸೆರಗು ಸರಿಮಾಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು.

“ನಿಮ್ಗೆ ಗೊತ್ತೇ ಇರುತ್ತೆ ಅಣ್ಣ. ನನ್ನ ಡಬ್ಬಿಯಿಂದಾನೇ ಅವ್ರ ಲಾರಿ ಹೋಗಿದ್ದು. ನಿಮ್ಮ ಲೋಡಿಂಗ್‌ನೋರ ಮನೆಯೋರು, ಡಬ್ಬಿಗೆ ನಿಲ್ಸಿದ್ದಕ್ಕೇ ಹಡಗು ತಪ್ತು ಅಂತ ಹೇಳಿದ್ರು. ನಮ್ಮ ಯಜಮಾನ್ರಿಗೆ ಗೊತ್ತಿಲ್ಲ, ಯುರೋಪ್ ಕಾನೂನು ಅಂತಾನೇ ತಿಳ್ಕೊಂಡವ್ರೆ. ನೀವು ಹೇಳ್ಬೇಡಿ.”

ಆರು ವರ್ಷ. ನಾನು ಮ್ಯಾನೇಜರ ಬಾಗಿಲಲ್ಲಿ ಉಗುಳಿದ ಮಾತು ಫ್ಯಾಕ್ಟರಿ ಗೇಟು ದಾಟಿ, ಅವರ ಕಿವಿಗೆ ಬಿದ್ದು, ಆರು ವರ್ಷದಿಂದ ಅವರೊಳಗೆ ಕೂತಿದೆ. ಗಂಡನ ಲಾರಿ ಕಳೆದವಳು ನಾನು ಎಂದು ಆ ಹೆಣ್ಣುಮಗಳು ಒಬ್ಬಳೇ — ಅದಕ್ಕೇ ನಿಮಗೆ ಡಬ್ಬಿ ಕಟ್ಟುವುದನ್ನು ಬಿಟ್ಟೆ ಎಂದೂ ಅವರೇ ಹೇಳಿದರು. ಟೆಂಪೊ ನಿಲ್ಲಿಸುವುದು ಬೇಡ, ಮಂಡಿಯ ಹತ್ತಿರವೇ ಹೋಟೆಲಿನಲ್ಲಿ ತಿನ್ನಿ ಎನ್ನುತ್ತಾರಂತೆ. ನೀವು ಅದನ್ನು ಬೇಸರ ಎಂದುಕೊಂಡಿರಬಹುದು.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಹೇಳಿದ್ದು:

“ಹೇಳಲ್ಲಮ್ಮ.”

ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದೆ. ಅವರು ಕೈ ಮುಗಿದರು. ನನ್ನ ಗುಟ್ಟನ್ನು ನಾನೇ ಕಾಪಾಡಿಕೊಳ್ಳುವುದಕ್ಕೆ ಅವರಿಂದ ಕೈ ಮುಗಿಸಿಕೊಂಡು ಚಿಂತಾಮಣಿ ಬಸ್ಸು ಹತ್ತಿದೆ. ಆ ತಿರುವಿನಲ್ಲಿ ಬಸ್ಸು ನಿಂತಿತು, ಯಾರೋ ಹತ್ತಿದರು. ನಾನು ತಲೆ ಎತ್ತಲಿಲ್ಲ.

ಆಗಿನ ಮ್ಯಾನೇಜರಿಗೂ ಫ್ಯಾಕ್ಟರಿಗೂ ಬೇರೆ ಬರೆದಿದ್ದೇನೆ, ಸೀಲಿನ ವಿಷಯ, ನನ್ನ ಹೆಸರು ಹಾಕಿ. ಅದರಿಂದ ನಿಮ್ಮ ಲಾರಿ ವಾಪಸು ಬರುವುದಿಲ್ಲ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ, ಕೇಳುವುದಿಲ್ಲ. ಕೊಟ್ಟ ಮಾತು ಮುರಿಯುತ್ತಿದ್ದೇನೆ ಎಂದು ಮುನೀರಾ ಅವರಿಗೆ ತಿಳಿಸಿ. ನಿಮ್ಮ ಲಾರಿ ಆ ತಿರುವಿನಲ್ಲಿ ಒಂದು ನಿಮಿಷ ನಿಲ್ಲುತ್ತಿತ್ತು, ಇಂಜಿನ್ನು ಆರುತ್ತಿರಲಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ. ಅವರ ಡಬ್ಬಿಯಿಂದ ಯಾವ ಹಡಗೂ ತಪ್ಪಲಿಲ್ಲ.

ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ತೆಗೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕಾಗಿಲ್ಲ, ಬಾಗಿಲಲ್ಲೇ ನಿಂತಿರುತ್ತೇನೆ. ಎಂದಿನಂತೆ ಓದಿ ಹೇಳಿ ಎಂದು ಕಾಗದವನ್ನು ನನ್ನ ಕೈಗೇ ಕೊಡಬೇಡಿ. ನಿಮ್ಮ ಮಗಳು ಸಬೀಹಾ ಕನ್ನಡ ಓದುತ್ತಾಳೆ. ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಅವಳೇ ಓದಲಿ.