ಹಾಕಿ ಟೀಮಿನ ಮುಯ್ಯಾಳು

ನಮ್ಮ ಹಾಕಿ ಟೀಮಿನ ಜನರಲ್ ಮ್ಯಾನೇಜರ್ ಜೀವಮಾನದಲ್ಲಿ ಒಂದು ದಿನವೂ ಸ್ಟಿಕ್ ಹಿಡಿದು ಆಡಿದವರಲ್ಲ. ಪುರವರದ ಕಡೆಯ ರೈತರು, ಐವತ್ತು ದಾಟಿತ್ತು. ಮೂರೆಕರೆ ಕಡಲೆಕಾಯಿ ಹೊಲ, ಒಂದು ಜೊತೆ ಎತ್ತು, ಹೆಗಲ ಮೇಲೊಂದು ಟವಲ್ಲು, ಇಷ್ಟು ಅವರ ಆಸ್ತಿ. ಆ ದೊಡ್ಡ ಹುದ್ದೆಯ ಹೆಸರು ಕೊಟ್ಟವನು ನಮ್ಮ ಕ್ಯಾಪ್ಟನ್. ಅವನು ತಾಲೂಕು ಕಚೇರಿಯಲ್ಲಿ ಗುಮಾಸ್ತ. ಬರೀ ಮ್ಯಾನೇಜರ್ ಅಂದರೆ ಜನ ಹೋಟೆಲಿನವರು ಅಂದುಕೊಳ್ಳುತ್ತಾರೆ, ಜನರಲ್ ಅಂತ ಸೇರಿಸಿದರೆ ತೂಕ ಬರುತ್ತದೆ ಅಂತ ಅವನ ವಾದ. ತೂಕವೇನೋ ಬಂತು, ಗೆಲುವು ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಕೊಡಿಗೇನಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಮಧುಗಿರಿಗೆ ಬಂದು ಲೆಫ್ಟ್ ಹಾಫ್ ಆಡುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂರಿನ ಟೀಮುಗಳು ಭಾನುವಾರಗಳಲ್ಲಿ ಒಬ್ಬರೂರಿಗೆ ಒಬ್ಬರು ಹೋಗಿ ಆಡುವ ರೂಢಿಯಿತ್ತು. ಕಪ್ಪಿಲ್ಲ, ಕಮಿಟಿಯಿಲ್ಲ. ಗೆದ್ದವರು ಮುಂದಿನ ವರ್ಷದ ತನಕ ಮೀಸೆ ತಿರುವಬಹುದು, ಅಷ್ಟೆ. ನಮ್ಮ ಮೀಸೆಗೆ ಮೂರು ವರ್ಷದಿಂದ ಆ ಯೋಗ ಬಂದಿರಲಿಲ್ಲ. ಒಂದೇ ಒಂದು ಪಂದ್ಯ ಸೋಲದೆ ಉಳಿದಿದ್ದೆವು, ಅದೂ ಮಳೆ ಬಂದು ಆಟ ಅರ್ಧಕ್ಕೆ ನಿಂತದ್ದರಿಂದ. ನಮ್ಮ ಗೋಲ್ ಕೀಪರ್ ಒಬ್ಬ ಟೈಲರ್. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದ. ಕೇಳಿದರೆ ಮೈದಾನ ಸರಿಯಿಲ್ಲ, ಕಲ್ಲು ಜಾಸ್ತಿ ಅನ್ನುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು.

ಇಡೀ ಟೀಮಿನಲ್ಲಿ ನಿಜವಾಗಿ ಆಡಲು ಬರುತ್ತಿದ್ದವನು ಒಬ್ಬನೇ, ನಮ್ಮ ಸೆಂಟರ್ ಫಾರ್ವರ್ಡ್. ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಆ ವರ್ಷ ಪಾವಗಡದಲ್ಲಿ ಪಂದ್ಯವಿದ್ದ ದಿನ ಅವನೇ ಬಸ್ಸಿನಲ್ಲಿ ಇರಲಿಲ್ಲ. ಎಲ್ಲಿ ಅಂತ ಮ್ಯಾನೇಜರನ್ನು ಕೇಳಿದೆವು.

"ಅವನ್ನ ಸಿರಾಕ್ಕೆ ಕಳ್ಸಿದೀನಿ ಕಣ್ರಪ್ಪ. ಅವರಿಗೂ ಹಿರಿಯೂರಿನೋರಿಗೂ ಇವತ್ತು ಮ್ಯಾಚ್ ಐತೆ" ಅಂದರು, ಅಂಗಡಿಗೆ ಉಪ್ಪು ತರಲು ಕಳಿಸಿದಷ್ಟು ಸಲೀಸಾಗಿ.

ನಮ್ಮ ಪಂದ್ಯದ ದಿನ ನಮ್ಮ ಆಟಗಾರ ಸಿರಾದವರ ಪರ! ನಾವು ಆರು ಗೋಲು ತಿಂದು, ಪಾವಗಡದವರು ಹಾಕಿದ ಊಟವನ್ನೂ ತಿಂದು ವಾಪಸ್ಸಾದೆವು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಕ್ಯಾಪ್ಟನ್ ದಾರಿಯುದ್ದಕ್ಕೂ ಗೊಣಗಿದ. ಮ್ಯಾನೇಜರ್ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು, ಅಥವಾ ಹಾಗೆ ತೋರುತ್ತಿತ್ತು.

ಮುಂದಿನ ಭಾನುವಾರ ಬೆಟ್ಟದ ಬುಡದ ಮೈದಾನದಲ್ಲಿ ಪ್ರಾಕ್ಟೀಸಿಗೆ ಸೇರಿದಾಗ ಅದೇ ಮಾತು. ಮ್ಯಾನೇಜರ್ ಇನ್ನೂ ಬಂದಿರಲಿಲ್ಲ, ಅವರ ಊರಿನ ಬಸ್ಸು ಯಾವಾಗಲೂ ತಡ. ಅವರನ್ನು ತೆಗೆಯಬೇಕು ಅಂತ ಕ್ಯಾಪ್ಟನ್ ಅಂದ. ಅವರ ಜಾಗಕ್ಕೆ ಜನ ಸಿದ್ಧವಿದ್ದರು. ಮೈಸೂರಿನಿಂದ ವರ್ಗವಾಗಿ ಬಂದಿದ್ದ ಒಬ್ಬ ಇಂಜಿನಿಯರ್, ಕಾಲೇಜಿನಲ್ಲಿ ಹಾಕಿ ಆಡಿದವರು, ಸ್ಕೂಟರ್ ಇತ್ತು, ಕತ್ತಿನಲ್ಲಿ ಸ್ವಂತ ಸೀಟಿ ಇತ್ತು. ಎಲ್ಲರೂ ಸರಿ ಸರಿ ಅಂದರು.

ನನಗೊಂದು ಕೆಟ್ಟ ಗುಣ. ಯಾವುದನ್ನೂ ಬಿಚ್ಚಿ ನೋಡದೆ ಬಿಡುವವನಲ್ಲ. ಚಿಕ್ಕವನಿದ್ದಾಗ ಮನೆಯ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸಲಾಗದೆ ಅಪ್ಪನ ಕೈಯಲ್ಲಿ ಏಟು ತಿಂದಿದ್ದೆ. ಸುಮ್ಮನಿರಲಾರದೆ ಕೇಳಿದೆ: "ತೆಗೆಯೋದೇನೋ ಸರಿ. ಆದ್ರೆ ಈಗ ಇರೋರು ಏನು ಕೆಲಸ ಮಾಡ್ತಾರೆ ಅಂತ ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಬಸ್ ಚಾರ್ಜು ಕೊಡುತ್ತಾರೆ ಅಂದ. ಇನ್ನೊಬ್ಬ ಇಲ್ಲ, ನಾವೇ ಕೊಡೋದು ಅಂದ.

"ಹಂಗಾದ್ರೆ ನೀನೇ ಒಂದಿನ ಅವರ ಹಿಂದೆ ಹೋಗಿ ನೋಡ್ಕಂಡು ಬಾರಯ್ಯ ಮೇಷ್ಟ್ರೇ. ಬಂದು ಹೇಳು. ಆಮೇಲೆ ಕೈ ಎತ್ತಿಸೋಣ" ಅಂದ ಕ್ಯಾಪ್ಟನ್.

ಶನಿವಾರ ನಮಗೆ ಬೆಳಗಿನ ಸ್ಕೂಲು. ಮಧ್ಯಾಹ್ನದ ಹೊತ್ತಿಗೆ ಮಧುಗಿರಿಗೆ ಬಂದೆ. ಸಿರಾ ಬಸ್ಸಿನ ಹತ್ತಿರ ಮ್ಯಾನೇಜರ್ ಗೋಣಿಚೀಲ ಹಿಡಿದು ನಿಂತಿದ್ದರು. ನನಗೂ ಸಿರಾದಲ್ಲಿ ಕೆಲಸವಿದೆ ಅಂತ ಸುಳ್ಳು ಹೇಳಿ ಪಕ್ಕದಲ್ಲಿ ಕೂತೆ. ಚೀಲದಲ್ಲಿ ಏನು ಅಂತ ಬಡವನಹಳ್ಳಿ ದಾಟುವಷ್ಟರಲ್ಲಿ ಕೇಳಿಯೇಬಿಟ್ಟೆ. ಗೋಲ್ ಕೀಪರ್ ಕಾಲಿಗೆ ಕಟ್ಟುವ ಪ್ಯಾಡು. ಅದು ನಮ್ಮದು ಅಂತ ನಾನು ಮೂರು ವರ್ಷದಿಂದ ತಿಳಿದಿದ್ದೆ. ಸಿರಾದವರದಂತೆ. ನಮ್ಮ ಪಂದ್ಯವಿದ್ದಾಗ ತರುವುದು, ಅವರ ಪಂದ್ಯವಿದ್ದಾಗ ತಲುಪಿಸುವುದು ಇವರ ಕೆಲಸ.

ಸಿರಾ ಟೀಮಿನ ಕ್ಯಾಪ್ಟನ್ ಸೈಕಲ್ ಶಾಪ್ ಇಟ್ಟಿದ್ದ. ಇವರನ್ನು ಕಂಡವನೇ ಪಂಕ್ಚರ್ ಹಾಕುವುದನ್ನು ಬಿಟ್ಟು ಎದ್ದ. "ಅರೇ, ಯಜಮಾನ್ರು ಬಂದ್ರು! ಚಾಯ್ ಹೇಳ್ರೋ!" ನಮ್ಮ ಊರಿನಲ್ಲಿ ಅವರಿಗೆ ಯಾರೂ ಕುರ್ಚಿ ಹಾಕಿದ್ದು ನಾನು ನೋಡಿರಲಿಲ್ಲ. ಇಲ್ಲಿ ಇದ್ದ ಒಂದೇ ಕುರ್ಚಿಯನ್ನು ಟವಲ್ಲಿನಿಂದ ಒರೆಸಿ ಕೊಟ್ಟರು. ನಾನು ಸೈಕಲ್ ಟ್ಯೂಬುಗಳ ರಾಶಿಯ ಮೇಲೆ ಕೂತೆ.

ಇವರು ನಿಮಗೆ ಹೇಗೆ ಪರಿಚಯ ಅಂತ ಕೇಳಿದೆ. ಕ್ಯಾಪ್ಟನ್ ಹೇಳಿದ: ಎಷ್ಟೋ ವರ್ಷದ ಹಿಂದೆ ಇವರು ಗಾಡಿಯಲ್ಲಿ ಕಡಲೆಕಾಯಿ ಹಾಕಿಕೊಂಡು ಸಂತೆಗೆ ಬಂದಿದ್ದರು. ದಾರಿಯಲ್ಲಿ ಸಿರಾದವರ ಆಟ ಕಂಡು ಎತ್ತು ಬಿಚ್ಚಿ ನಿಂತವರು ಸಂತೆಯನ್ನೇ ಮರೆತರು. "ನಮ್ ಮೈದಾನ್ ಆಗ ಬರೀ ಗುಂಡಿ ಸಾಬ್. ಮಾರ್ನೇ ದಿನದಿಂದ ಇವರ ಗಾಡೀಲಿ ಮೂರು ದಿನ ಮಣ್ಣು ಹೊಡ್ದು ಮಟ್ಟ ಮಾಡಿಕೊಟ್ರು. ದುಡ್ಡು ಕೊಡಕ್ಕೆ ಹೋದ್ರೆ ಬೇಡ ಅಂದ್ರು. ಆರು ಹಳೇ ಸ್ಟಿಕ್ ಇಸ್ಕೊಂಡ್ ಹೋದ್ರು." ಮಧುಗಿರಿಯ ಹಾಕಿ ಶುರುವಾದದ್ದು ಆ ಆರು ಸ್ಟಿಕ್ಕಿನಿಂದ. ನಾನು ಆಡುತ್ತಿದ್ದ ಸ್ಟಿಕ್ಕೂ ಅವುಗಳಲ್ಲೊಂದು. ನನಗೆ ಅದು ಗೊತ್ತೇ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೊಂದೇ ಕೇಳಿ ಬಾಯಿ ಬಿಡಿಸಿದೆ. ನಮ್ಮ ಗೋಲಿನ ಕಂಬಗಳು ಕೊರಟಗೆರೆಯವರು ಕೊಟ್ಟದ್ದು. ಪಾವಗಡಕ್ಕೆ ಹೋದರೆ ಊಟ ಅವರದು, ಅವರು ಬಂದರೆ ನಮ್ಮದು. ಇದಕ್ಕೆಲ್ಲ ಬದಲು ನಮ್ಮ ಮೆಕ್ಯಾನಿಕ್ ಯಾರು ಕರೆದರೆ ಅವರ ಕಡೆ ಹೋಗಿ ಆಡಿ ಬರುತ್ತಾನೆ.

"ಇದೇನು ಹೊಸ್ದಾ? ನನ್ನ ಹೊಲದಾಗೆ ಕಡ್ಲೇಕಾಯಿ ಕೀಳೋವಾಗ ನೀನು ಬತ್ತೀಯ. ನಿನ್ನ ಹೊಲ ಬಂದಾಗ ನಾನು ಬತ್ತೀನಿ. ಮುಯ್ಯಿ. ಹಾಕಿನೂ ಅಂಗೆಯಾ" ಅಂದರು.

"ಸರಿ. ನಮ್ಮ ಮ್ಯಾಚಿನ ದಿನವೇ ಅವನನ್ನ ಕಳಿಸಿದ್ದು ಯಾಕೆ?"

"ಅವರು ಕೇಳಿದ್ದು ಅವತ್ತೇ ಕಣಪ್ಪ. ನನ್ನ ಹೊಲದಾಗೂ ಕೆಲ್ಸ ಐತೆ ಅಂತ ಮುಯ್ಯಿ ತಪ್ಪಿಸ್ದೋನಿಗೆ ನಾಳೀಕೆ ಯಾರು ಬತ್ತಾರೆ?"

ಹೊಲಕ್ಕೆ ಸರಿ, ಹಾಕಿಗೆ ಹುಚ್ಚು. ಆದರೂ ಕೇಳುತ್ತಾ ಕೂತರೆ ಸರಿ ಅನ್ನಿಸುತ್ತಿತ್ತು. ಹಾಗಾದರೆ ಈಗ ಸಿರಾದವರು ನಮಗೆ ಒಂದಾಳು ಕೊಡಬೇಕಲ್ಲ ಅಂದೆ. ಹೌದು ಅಂದರು. ಅವರ ಗೋಲ್ ಕೀಪರನ್ನು ಕೇಳಬಾರದೇ, ನಾಲ್ಕೂರಿನಲ್ಲಿ ಅಂಥವನಿಲ್ಲ ಅಂದೆ.

"ಕೇಳ್ಬೋದು. ಟೈಲರಪ್ಪಂಗೆ ಬೇಜಾರಾಯ್ತದೆ ಅಂತ ಸುಮ್ಕಿದೀನಿ."

ನಕ್ಕೆ. ನಗುನಗುತ್ತಲೇ ನನ್ನ ನಾಲಿಗೆ ತಡೆಯದೆ, "ನನ್ನನ್ನ ಯಾರಾದ್ರೂ ಮುಯ್ಯಿಗೆ ಕೇಳಿದ್ರಾ?" ಅಂದೆ.

"ಇಲ್ಲ, ನಿನ್ನ ಯಾರೂ ಕೇಳಿಲ್ಲ" ಅಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಆಮೇಲೆ ನನ್ನ ಮುಖ ನೋಡಿರಬೇಕು, "ಮೇಷ್ಟ್ರಲ್ವಾ, ರಜಾ ಸಿಗಾಕಿಲ್ಲ ಅಂತ ಇರ್ಬೇಕು ಬುಡು" ಅಂದರು. ನನಗೆ ಚುಚ್ಚಿತು. ಕೇಳಿದ್ದು ನಾನೇ, ಆದರೂ ಅವರ ಮೇಲೆ ಸಿಟ್ಟು ಬಂತು.

ಆ ಸಿಟ್ಟು ಮರುದಿನ ಕೆಲಸ ಮಾಡಿತು. ಟೀಮಿನ ಮುಂದೆ ನಾನು ಇದ್ದದ್ದನ್ನು ಇದ್ದಹಾಗೇ ಹೇಳಿದೆ, ಒಂದಕ್ಷರ ಸುಳ್ಳಿಲ್ಲ. ಆದರೆ ಹೇಳಿದ ರೀತಿ ಬೇರೆ. ಅವರ ದನಿ ಅನುಕರಿಸಿದೆ, ಟವಲ್ಲು ಕೊಡವುವ ಹಾಗೆ ಕೈ ಕೊಡವಿದೆ, "ಹಾಕಿನೂ ಅಂಗೆಯಾ" ಅಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಟೈಲರಪ್ಪನ ಮಾತು ಬಂದಾಗ ಇನ್ನೂ ಜೋರಾಗಿ ನಕ್ಕರು. ಟೈಲರ್ ಒಬ್ಬನೇ ನಗಲಿಲ್ಲ. ಕ್ಯಾಪ್ಟನ್ ಕೈ ಎತ್ತಲು ಹೇಳಿದ. ಟೈಲರ್ ಬಿಟ್ಟು ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ಎತ್ತಿದ ಕೈ ಇಳಿಸುವಷ್ಟರಲ್ಲಿ ಮ್ಯಾನೇಜರ್ ಹಿಂದೆ ನಿಂತಿರುವುದು ಕಂಡಿತು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಕ್ಯಾಪ್ಟನ್ ವಿಷಯ ತಿಳಿಸಿದ.

"ಆಯ್ತು ಬುಡಿ. ಇಂಜಿನಿಯರು ಆಟ ಬಲ್ಲೋರು, ಒಳ್ಳೇದೇ ಆಯ್ತು" ಅಂದರು. ಆಮೇಲೆ, "ಆದ್ರೆ ಮುಯ್ಯಿ ಒಂದು..." ಅಂತ ಶುರು ಮಾಡಿದರು.

"ಹಾಕೀಲಿ ಅದೆಲ್ಲ ಇರಲ್ಲ ಯಜಮಾನ್ರೇ" ಅಂದ ಕ್ಯಾಪ್ಟನ್. ಅವರು ತಲೆಯಾಡಿಸಿ, ಯಾವಾಗಲೂ ಕೂರುವ ಕಡೆ ಕೂತು, ಪ್ರಾಕ್ಟೀಸ್ ಮುಗಿಯುವ ತನಕ ನೋಡಿ ಹೋದರು.

ಮುಂದಿನ ವಾರ ಕೊರಟಗೆರೆಯವರು ನಮ್ಮಲ್ಲಿಗೆ ಆಡಲು ಬಂದರು. ಪಂದ್ಯಕ್ಕೆ ಸ್ವಲ್ಪ ಮುಂಚೆ ಸಿರಾ ಬಸ್ಸಿನಿಂದ ಸಿರಾದವರ ಗೋಲ್ ಕೀಪರ್ ಇಳಿದ, ಪ್ಯಾಡು ಹೆಗಲ ಮೇಲೆ. ಇಂಜಿನಿಯರ್‌ಗೆ ಆಶ್ಚರ್ಯ. ಕೈಗೆ ಬಂದ ತುತ್ತು ಯಾರು ಬಿಡುತ್ತಾರೆ, ಗೋಲಿಗೆ ನಿಲ್ಲಿಸಿದರು. ಬೇಜಾರು ಮಾಡಿಕೊಳ್ಳಬೇಕಾಗಿದ್ದ ನಮ್ಮ ಟೈಲರ್ ದೇವರು ಬಂದನೇನೋ ಅನ್ನುವ ಹಾಗೆ ಅವನಿಗೆ ತಾನೇ ಪ್ಯಾಡು ಕಟ್ಟಿದ. ಪಂದ್ಯ ಒಂದಕ್ಕೊಂದು ಸಮವಾಯಿತು, ಮಳೆಯ ಸಹಾಯವಿಲ್ಲದೆ.

ಆಟ ಮುಗಿದ ಮೇಲೆ ನೀರು ಕುಡಿಯುತ್ತಾ ಅವನನ್ನು ಕೇಳಿದೆ, ಯಾರು ಕರೆದರು ಅಂತ.

"ಯಜಮಾನ್ರೇ ಬಂದು ಹೇಳಿದ್ರು. ನಿಮ್ಮನ್ನ ತೆಗೆದು ಹಾಕಿದಾರಂತೆ, ಮತ್ತೆ ಯಾಕೆ ಅಂತ ನಮ್ ಕ್ಯಾಪ್ಟನ್ ಕೇಳಿದ್ರು. ಮುಯ್ಯಿ ಮಧುಗಿರೀದು, ನಂದಲ್ಲ ಅಂದ್ರು."

ನನಗೆ ನಾಚಿಕೆಯಾಯಿತು. ಸಿರಾದವರಿಗೆ ಮಧುಗಿರಿ ಅಂದರೆ ಆ ಮನುಷ್ಯ. ಬೇಡ ಅಂತ ಒಂದು ಮಾತು ಅಂದಿದ್ದರೆ ಪ್ಯಾಡಿಲ್ಲ, ಕೀಪರಿಲ್ಲ. ಅಷ್ಟು ಹಕ್ಕು ಅವರಿಗಿತ್ತು. ತೆಗೆದುಹಾಕಿದವರ ಕೈಗೇ ಅದನ್ನು ಕೊಟ್ಟು ಸುಮ್ಮನಾದರು.

ಇಂಜಿನಿಯರ್ ಆ ಕೀಪರನ್ನು ಇನ್ನೊಂದು ವಾರವೂ ಬಾ ಅಂತ ಕೇಳಿಕೊಂಡರು. ಆ ವಾರ ಪಾವಗಡದವರು ಬಂದಿದ್ದರು, ಅವನೂ ಬಂದ. ಎರಡು ಗೋಲಿಗೆ ಒಂದು. ನಾವು ಗೆದ್ದೆವು! ಮೆಕ್ಯಾನಿಕ್ ಹೊಡೆದ ಎರಡನೇ ಗೋಲಿಗೆ ನಾನು ಕೂಗಿ ಕೂಗಿ ಗಂಟಲು ಕಟ್ಟಿತು. ಇಂಜಿನಿಯರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಮ್ಯಾನೇಜರ್ ಬದಲಾದದ್ದೇ ಬದಲಾದದ್ದು, ಟೀಮಿನ ಹಣೆಬರಹವೇ ಬದಲಾಯಿತು ಅಂತ ಕ್ಯಾಪ್ಟನ್ ಸಾರಿದ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಗೆರೆಯ ಆಚೆ ಹಳೆಯ ಮ್ಯಾನೇಜರ್ ಟವಲ್ಲು ಬೀಸುತ್ತಾ ಮಗುವಿನ ಹಾಗೆ ನಗುತ್ತಿದ್ದರು.

ಗಲಾಟೆ ಇಳಿದ ಮೇಲೆ ನನ್ನ ಹತ್ತಿರ ಬಂದರು.

"ಹೋದ ವಾರದ್ದು ಹಳೇದಕ್ಕೆ ಸರಿಹೋಯ್ತು. ಇವತ್ತಿಂದು ಹೊಸ್ದು ಕಣಪ್ಪ. ಈಗ ನಾವು ಸಿರಾದೋರ್ಗೆ ಒಂದಾಳು ಕೊಡ್ಬೇಕು. ಬರೋ ಭಾನ್ವಾರ ಅವರಿಗೆ ಮ್ಯಾಚ್ ಐತೆ, ಆಳು ಕಮ್ಮಿ ಬಿದ್ದೈತಂತೆ. ನಾನೋಗಿ ಹೇಳಿದ್ರೆ ಚೆಂದಾಗಿರಾಕಿಲ್ಲ. ನೀನು ಇಂಜಿನಿಯರಿಗೆ ಒಂದು ಮಾತು ಹೇಳ್ತೀಯಾ?"

ಹೇಳ್ತೀನಿ ಅಂದೆ.

ಬುಧವಾರ ಸ್ಕೂಲು ಬಿಟ್ಟ ಮೇಲೆ ಅದಕ್ಕೇ ಅಂತ ಮಧುಗಿರಿಗೆ ಹೋದೆ. ಇಂಜಿನಿಯರ್ ಮನೆಯಲ್ಲಿ ಕಾಫಿ ಕೊಟ್ಟರು. ಕ್ಯಾಪ್ಟನ್ನೂ ಅಲ್ಲೇ ಇದ್ದ. ಭಾನುವಾರದ ಆಟದ್ದೇ ಮಾತು, ಯಾವ ಪಾಸು ಯಾರು ಕೊಟ್ಟರು, ಇಂಜಿನಿಯರ್ ಹೇಳಿಕೊಟ್ಟ ಯಾವ ವರಸೆ ಫಲಿಸಿತು ಅಂತ. ಆಳು ಕೊಡಬೇಕು ಅನ್ನಲು, ಗೆದ್ದದ್ದು ಯಾರಿಂದ ಅಂತ ಮೊದಲು ಹೇಳಬೇಕಿತ್ತು. ಅದಕ್ಕೂ ಮೊದಲು, ನಾನು ಆ ದಿನ ನಗಿಸಿದ್ದು ತಪ್ಪು ಅಂತ ಹೇಳಬೇಕಿತ್ತು. ಕಾಫಿ ಕುಡಿದು, ಈ ಸಲ ಬಿಸಿಲು ಜಾಸ್ತಿ ಅಂತ ಹೇಳಿ ಎದ್ದು ಬಂದೆ.

ಭಾನುವಾರ ಬೆಳಗ್ಗೆ ಸ್ಟಿಕ್ ಹಿಡಿದು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಎದುರಿಗೆ ಸಿರಾ ಬಸ್ಸು. ಕಿಟಕಿಯ ಪಕ್ಕ ಹಳೆಯ ಮ್ಯಾನೇಜರ್ ಒಗೆದ ಶರ್ಟು ಹಾಕಿಕೊಂಡು ಕೂತಿದ್ದರು. ಎಲ್ಲಿಗೆ ಅಂದೆ.

"ಸಿರಾಕ್ಕೆ. ಒಂದಾಳು ಹೋಗ್ಬೇಕಲ್ಲಪ್ಪ."

"ನೀವಾ? ನೀವು ಹೋಗಿ ಏನು ಆಡ್ತೀರಿ?"

"ಆಡಾಕೆ ಎಲ್ಲಿ ಬತ್ತದೆ ನಂಗೆ. ಸುಣ್ಣದ ಗೆರೆ ಎಳೀತೀನಿ, ನೀರು ಹೊತ್ತಾಕ್ತೀನಿ. ಆಳು ಆಳೇ ತಾನೇ."

ಇಂಜಿನಿಯರಿಗೆ ಹೇಳಿದೆಯಾ ಅಂತ ಅವರು ಕೇಳಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಅವರು ನನ್ನ ಕೈಯಲ್ಲಿದ್ದ ಸ್ಟಿಕ್ ನೋಡಿ, ಸೀಟಿನಲ್ಲಿ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದರು. "ಬತ್ತೀಯಾ?" ಅಂದರು.

"ಇವತ್ತು ನಮ್ಮ ಪ್ರಾಕ್ಟೀಸ್ ಇದೆ" ಅಂದೆ.

"ಹೌದಲ್ವಾ, ಮರೆತೇ ಹೋಗಿತ್ತು" ಅಂದರು. ಅವರು ಮರೆತಿರಲಿಲ್ಲ. ಬಸ್ಸು ಹೊರಟಿತು, ನಾನು ಹತ್ತಲಿಲ್ಲ.