ವಕೀಲರ ಕಾರಿನ ಹಿಂಗಾಲು

ನಾನು ಇಂಜಿನಿಯರ್ ಆಗುವುದು ಆಗದ ಮಾತು ಎಂದು ಹೇಳಿದವನು ನಮ್ಮ ಮಾಳಪ್ಪ ಕಾಕಾ. ಹಿಂದಿನಿಂದ ಅಂದವರು ಇನ್ನೂ ಹಲವರಿದ್ದರು, ಅವರನ್ನು ಬಿಡಿ. ಕಾಕಾ ಎದುರಿಗೇ ಅಂದ. ಹುನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ, ನನ್ನ ಮುಖ ಕೂಡ ನೋಡದೆ ಅಂದ.

"ನಮ್ಮ ಟಗರ ಹಾಲ ಕೊಡೂ ದಿನ ನೀ ಇಂಜಿನೇರ ಆಗ್ತಿ ನೋಡ ಬೇ."

ಇದೆಲ್ಲ ನೆನಪಾದದ್ದು ಹೋದ ವಾರ, ಜಮಖಂಡಿಯ ಪೇಟೆಯಲ್ಲಿ. ಎಣ್ಣೆ ಅಂಗಡಿಯವನು ಔಡಲೆಣ್ಣೆಯ ಡಬ್ಬಿಯ ಮುಚ್ಚಳ ತೆಗೆದ. ಆ ದಪ್ಪ ವಾಸನೆ ಮೂಗಿಗೆ ಬಡಿಯಿತು. ಔಡಲೆಣ್ಣೆ ಎಂದರೆ ನಿಮಗೆ ತಲೆಗೂದಲೋ ಕೂಸಿನ ಹೊಟ್ಟೆನೋವೋ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕೆಂಪು ಕಾರಿನ ಹೊಟ್ಟೆ. ಅದರ ಕೆಳಗೆ ಅಂಗಾತ ಮಲಗಿ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ.

ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಮಾತು ಕಡಿಮೆ. ಮನೆಯ ಮಾತೆಲ್ಲ ಅವನ ತಮ್ಮ ಮಾಳಪ್ಪ ಕಾಕಾನದು. ಇಬ್ಬರೂ ಅಕ್ಷರ ಕಲಿತವರಲ್ಲ. ಹಾಗಾಗಿ ನಾನು ಎಂಟನೇ ಈಯತ್ತೆಗೆ ಬರುವ ಹೊತ್ತಿಗೆ ಮನೆಗೆ ಬಂದ ಕಾಗದ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಲದ ತಕರಾರೊಂದು ಜಮಖಂಡಿಯ ಕೋರ್ಟಿನಲ್ಲಿತ್ತು. ಕಾಕಾ ನನ್ನನ್ನು ಕರೆದುಕೊಂಡು ವಕೀಲರ ಮನೆಗೆ ಹೋಗುತ್ತಿದ್ದ. ಅವರ ಹಿತ್ತಲಿನ ತಗಡಿನ ಪತ್ರಾಸಿನ ಛಾವಣಿಯ ಕೆಳಗೆ ತಾಡಪತ್ರಿ ಹೊದ್ದು ಏನೋ ಮಲಗಿರುತ್ತಿತ್ತು. ಒಂದು ದಿನ ತುದಿ ಎತ್ತಿ ನೋಡಿದೆ. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿದ್ದ, ತಲೆಯ ಮೇಲೆ ಬಟ್ಟೆಯ ಚಪ್ಪರವಿದ್ದ ವಿಲಾಯತಿ ಕಾರು. ವಕೀಲರು ಹರೆಯದಲ್ಲಿ ಕೊಲ್ಲಾಪುರದ ಕಡೆಯಿಂದ ತಂದದ್ದಂತೆ. ಓಟಕ್ಕೆಂದೇ ಮಾಡಿದ ಆ ಕಾರು ನಮ್ಮ ಕಡೆಯ ರಸ್ತೆಗೆ ಬಂದು ನಡ ಮುರಿದುಕೊಂಡಿತ್ತು.

ನಮ್ಮ ಕಡೆಯ ರಸ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಗುಂಡಿಗಳು ಎಲ್ಲ ಕಡೆಯೂ ಇರುತ್ತವೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ವರ್ಷದೊಳಗೆ ತೆರೆತೆರೆಯಾಗಿ ಏಳುತ್ತದೆ. ಕಬ್ಬಿನ ಟ್ರ್ಯಾಕ್ಟರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ವಕೀಲರು ಅಪರೂಪಕ್ಕೆ ಹೊರಗೆ ತೆಗೆದಾಗ ನೋಡಿದ್ದೆ, ಆ ಕೆಂಪು ಕಾರು ಒಂದು ತೆರೆ ದಾಟಿದರೆ ಮೂರು ಸಲ ಕುಣಿಯುತ್ತಿತ್ತು. ಯಾಕೆ ಮೂರು ಸಲ? ಎರಡಲ್ಲ, ಒಂದಲ್ಲ, ಯಾಕೆ ಮೂರು? ಈ ಪ್ರಶ್ನೆ ನನ್ನ ತಲೆ ಹೊಕ್ಕದ್ದು ಎಂಟನೇ ಈಯತ್ತೆಯಲ್ಲಿ. ಇಂಜಿನಿಯರಿಂಗ್ ಓದುತ್ತೇನೆ ಎಂದು ಹಟ ಹಿಡಿದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ, ಇದೇ ಇತ್ತು.

ಸೀಟು ಸಿಕ್ಕಾಗ ಕಾಕಾ ಒಂದು ಕರಾರು ಹಾಕಿದ. "ಹೋಗು, ಓದು. ಆದ್ರ ಒಂದ ಸಲ ನಪಾಸ ಆದಿ ಅಂದ್ರ ಪುಸ್ತಕ ಕಟ್ಟಿ ಇಡಬೇಕು. ನಿನ್ನ ಹಿಂದ ಈ ಮನ್ಯಾಗ ಯಾವ ಹುಡುಗಿನೂ ಏಳರ ಮುಂದ ಓದೂದಿಲ್ಲ." ಅವ್ವ ಒಲೆಯ ಮುಂದಿನಿಂದ ನನ್ನತ್ತ ನೋಡಿದಳು. ನಾನು ಹೂಂ ಅಂದೆ. ಹೂಂ ಅನ್ನುವುದು ಸುಲಭ.

ಮೂರು ವರ್ಷ ಹೇಗೋ ದಾಟಿದೆ. ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕು. ನನ್ನ ಗುಂಪಿನ ಮೂವರು ಹುಡುಗರು, ದೊಡ್ಡ ಊರಿನಲ್ಲಿ ಸಿದ್ಧ ಪ್ರಾಜೆಕ್ಟ್ ಸಿಗುತ್ತದೆ, ತಂದು ಹೆಸರು ಅಂಟಿಸೋಣ ಎಂದರು. ನಾನು ಒಲ್ಲೆ ಅಂದೆ. ಪ್ರಾಮಾಣಿಕತೆಯಿಂದ ಒಲ್ಲೆ ಅಂದೆ ಎಂದು ಬರೆದುಕೊಳ್ಳಬಹುದು. ಆದರೆ ನಿಜ ಹಾಗಿಲ್ಲ. ಆ ಕಾರಿನ ಕೆಳಗೆ ಹೊಕ್ಕು ನೋಡುವ ಆಸೆ ಅಷ್ಟಿತ್ತು. ಮಾರ್ಗದರ್ಶಕ ಸರ್ ಹೇಳಿದರು, "ಒಬ್ಬಾಕಿನ ಮಾಡ್ತಿಯೇನು? ಮಾಡು. ಪರೀಕ್ಷಾ ದಿನ ಕಾರು ತಾನಾ ಓಡಿ ಬಂದು ಕಾಲೇಜಿನ ಮುಂದ ನಿಂದ್ರಬೇಕು. ಎಳಕೊಂಡು ತಂದ್ರ ನಾ ಸಹಿ ಮಾಡೂದಿಲ್ಲ."

ವಕೀಲರು ಆಗ ಕೋರ್ಟು ಬಿಟ್ಟು, ಕೋಟು ಬಿಚ್ಚಿಟ್ಟು ವಿಶ್ರಾಂತಿಯಲ್ಲಿದ್ದರು. ಪ್ರಾಜೆಕ್ಟಿಗೆ ಕಾರು ಕೊಡುತ್ತೀರಾ ಎಂದು ಕೇಳಿದೆ. ಅವರು ಒಳಗಿನಿಂದ ಇಂಗ್ಲಿಷಿನ ಒಂದು ದಪ್ಪ ಪುಸ್ತಕ ತಂದು ಕೈಗಿಟ್ಟರು. ಕಾರಿನ ಜೊತೆ ಬಂದ ದುರಸ್ತಿಯ ಪುಸ್ತಕ, ಪುಟ ಪುಟಕ್ಕೂ ಎಣ್ಣೆಯ ಕಲೆ. "ತಗೋರಿ ಇಂಜಿನಿಯರ್ ಬಾಯಿ," ಅಂದರು. ಬಾಯಿ ಎಂದರೆ ಅವರ ಮನೆಯ ಮರಾಠಿ ಮಾತಿನಲ್ಲಿ ಅಮ್ಮನವರು. ಮೊದಲ ಸಲ ನನ್ನನ್ನು ಯಾರೋ ಇಂಜಿನಿಯರ್ ಅಂದದ್ದು, ಅದೂ ಚೇಷ್ಟೆಗೆ.

ಕೆಳಗೆ ಹೊಕ್ಕು ನೋಡಿದರೆ ಮೂರು ಕುಣಿತದ ಗುಟ್ಟು ಅಲ್ಲೇ ಇತ್ತು. ಸ್ಪ್ರಿಂಗಿನ ಕೆಲಸ ರಸ್ತೆಯ ಪೆಟ್ಟು ತಿನ್ನುವುದು. ತಿಂದ ಮೇಲೆ ಅದು ಕುಣಿಯುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕಪ್ಪಿನ, ಅಂದರೆ ಶಾಕ್ ಅಬ್ಸಾರ್ಬರಿನ, ಕೆಲಸ. ಹಿಂದಿನ ಎರಡೂ ಶಾಕಪ್ಪುಗಳ ಎಣ್ಣೆ ಎಂದೋ ಸೋರಿ ಹೋಗಿತ್ತು. ಇನ್ನು ಆ ಸ್ಪ್ರಿಂಗು, ಲಾರಿಯಲ್ಲಿರುವಂಥ ಬಿಲ್ಲಿನ ಆಕಾರದ ಉಕ್ಕಿನ ಪಾಟಾ. ಅದರ ತುದಿಯ ಕಣ್ಣಿನಲ್ಲಿ, ಬೋಲ್ಟಿನ ಸುತ್ತ, ಕೊಳವೆಯಂಥ ಒಂದು ರಬ್ಬರಿನ ಬುಶ್ ಇರಬೇಕು. ಅಲ್ಲಿ ಕಪ್ಪು ಪುಡಿ ಮಾತ್ರ ಉಳಿದಿತ್ತು.

ಹಳೆಯ ನಮೂನೆಯ ಆ ಶಾಕಪ್ಪು ಎಲ್ಲೂ ಸಿಗಲಿಲ್ಲ. ಒಂದು ಚಿಕ್ಕ ವ್ಯಾನಿನ ಉದ್ದನೆಯ ಶಾಕಪ್ಪು ಕೂರಿಸೋಣ, ಇನ್ನೂ ಛಲೋ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಅದನ್ನು ಹಿಡಿಯಲು ದಪ್ಪ ತಗಡಿನ ಎರಡು ಹಿಡಿಕೆ ಬೇಕು. ರಬಕವಿಯಲ್ಲಿ ಮಗ್ಗದ ಬಿಡಿಭಾಗ ಬೆಸೆಯುವ ಸಂಗಪ್ಪನ ಅಂಗಡಿಗೆ ಹೋದೆ. ಆತ ನನ್ನ ಚಿತ್ರ ತಿರುಗಿಸಿ ತಿರುಗಿಸಿ ನೋಡಿದ. "ಇದ ಯಾ ಮಗ್ಗಕ್ಕ ಹಚ್ಚೂದ್ರಿ ಅಕ್ಕಾರ?" ಅಂದ. ಕಾರಿಗೆ ಅಂದೆ. "ಮಗ್ಗ ಆದ್ರ ನಾ ಹೊಣಿ. ಕಾರ ಆದ್ರ ನೀವಾ ಹೊಣಿ," ಎಂದು ಮುಖಕ್ಕೆ ಕನ್ನಡಕ ಏರಿಸಿದ. ಬೆಸುಗೆ ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಬುಶ್ಶಿನ ಕಥೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ರಬ್ಬರು ಸಿಗುವವರೆಗೆ ಯಾಕೆ ಕಾಯಬೇಕು ಎಂದು ನಮ್ಮ ಮನೆಯ ಹಳೆಯ ಕಂಬಳಿ ಕತ್ತರಿಸಿದೆ. ಪಟ್ಟಿ ಮಾಡಿ, ಬಿಗಿಯಾಗಿ ಸುತ್ತಿ, ಔಡಲೆಣ್ಣೆಯಲ್ಲಿ ನೆನೆಸಿ ಪಾಟಾದ ಕಣ್ಣಿಗೆ ತುರುಕಿದೆ. ಕಂಬಳಿ ಮಳೆ ತಡೆಯುತ್ತದೆ, ಚಳಿ ತಡೆಯುತ್ತದೆ, ಕಲ್ಲಿನ ಮೇಲೆ ಹಾಸಿದರೆ ಕಲ್ಲು ಚುಚ್ಚುವುದಿಲ್ಲ. ಕಾರನ್ನು ಯಾಕೆ ತಡೆಯಲಿಕ್ಕಿಲ್ಲ? ಕುರುಬರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವ ಯೋಚನೆ ಅದು. ವಕೀಲರು ಓಡಿಸಿ ನೋಡಿದರು, ಮೊದಲ ಅರ್ಧ ಗಂಟೆ ಅದ್ಭುತವಾಗಿತ್ತು, ಒಂದು ಸಪ್ಪಳವಿಲ್ಲ. ಹುನ್ನೂರ ಕ್ರಾಸು ಮುಟ್ಟುವಷ್ಟರಲ್ಲಿ ಕಂಬಳಿ ಎಳೆ ಎಳೆಯಾಗಿ ಹಿಂದೆ ಜೋತು ಬಿದ್ದಿತ್ತು. ಬಿಸಿಯಾದ ಉಣ್ಣೆ, ಬಿಸಿಯಾದ ಔಡಲೆಣ್ಣೆ. ವಕೀಲರು ಮೂಗು ಏರಿಸಿ, "ಇಂಜಿನಿಯರ್ ಬಾಯಿ, ನಮ್ಮ ಕಾರು ಮರಿ ಈಯಾಕ ಬಂದೈತೇನು ನೋಡ್ರಿ," ಅಂದರು.

ಕೊನೆಗೆ ಜೀಪಿನ ಪಾಟಾದ ಬುಶ್ ಸಿಕ್ಕಿತು. ಅಳತೆ ಹೆಚ್ಚುಕಡಿಮೆ ಅದೇ. ಹೊರಮೈಯನ್ನು ಉಜ್ಜುಕಾಗದದಿಂದ ತಿಕ್ಕಿ ಕೂರಿಸಿದೆ. ಜಾಕು ಹಚ್ಚಿ ಕಾರಿನ ಹಿಂಭಾಗ ಎತ್ತಿ, ಚೌಕಟ್ಟಿನ ಕೆಳಗೆ ಕಲ್ಲು ಕೊಟ್ಟೆ. ಚಕ್ರಗಳು ಗಾಳಿಯಲ್ಲಿ ಜೋತುಬಿದ್ದವು. ಪಾನಾ ಹಚ್ಚಿ, ಅದರ ಮೇಲೆ ನಿಂತು, ಮೈಯ ಭಾರವೆಲ್ಲ ಹಾಕಿ ನಟ್ಟು ಬಿಗಿದೆ. ಕೆಳಗೆ ಇಳಿಸಿದೆ. ಕಾರು ಇಳಿಯಲೊಲ್ಲದು. ಹಿಂಭಾಗ ನಾಲ್ಕು ಬೆರಳು ಎತ್ತರದಲ್ಲಿ, ಒದೆಯಲು ಹಿಂಗಾಲು ಎತ್ತಿದ ಕತ್ತೆಯ ಹಾಗೆ ನಿಂತಿತು. ಓಡಿಸಿದರೆ ಪ್ರತಿ ತೆರೆಗೂ ನರಳುತ್ತಿತ್ತು. ಎರಡು ದಿನದಲ್ಲಿ ಹೊಸ ರಬ್ಬರಿನ ಚೂರುಗಳು ನೆಲದ ಮೇಲೆ ಉದುರಿದ್ದವು.

ಪರೀಕ್ಷೆಗೆ ನಾಲ್ಕು ದಿನ. ಉಳಿದದ್ದು ಇನ್ನೊಂದೇ ಜೊತೆ ಬುಶ್. ಬಿಚ್ಚಿದೆ, ಪಾಟಾ ಅಳೆದೆ, ಕೂಡಿಸಿದೆ, ಮತ್ತೆ ಬಿಚ್ಚಿದೆ. ಲೆಕ್ಕದಲ್ಲಿ ತಪ್ಪಿಲ್ಲ, ಕಾರಿನಲ್ಲಿ ತಪ್ಪಿದೆ. ಕಾರಿನ ಕೆಳಗೆ ಮಲಗಿ ಅತ್ತೆ ಎಂದು ಬರೆದರೆ ನೀವು ನಂಬುತ್ತೀರಿ. ನಿಜವಾಗಿ ನನಗೆ ಬಂದದ್ದು ಸಿಟ್ಟು. ನಾನು ನಪಾಸಾದರೆ ನನ್ನದಷ್ಟೇ ಅಲ್ಲ, ಕಾಕಾನ ಮಗಳು ಲಕ್ಕವ್ವನ ಪುಸ್ತಕವನ್ನೂ ಕಟ್ಟಿಡುತ್ತಾರೆ ಎಂಬುದು ಗೊತ್ತಿತ್ತಲ್ಲ.

ಆ ಮಧ್ಯಾಹ್ನ ಕಾಕಾ ಬುತ್ತಿ ತಂದ. ಬುತ್ತಿ ನೆಪ, ಹುಡುಗಿ ಕಾರಿನ ಕೆಳಗೆ ಮಲಗುತ್ತಾಳೆ ಎಂಬ ಮಾತು ಊರು ಮುಟ್ಟಿತ್ತು, ನೋಡಲು ಬಂದಿದ್ದ. ಕಾರಿನ ಹಿಂದೆ ಕುಕ್ಕುರುಗಾಲಿನಲ್ಲಿ ಕೂತ. ಕುಂಟುವ ಕುರಿಯನ್ನು ನೋಡುವಾಗ ಹಾಗೆಯೇ ಕೂರುತ್ತಾನೆ. ಪಾಟಾದ ಮೇಲೆ ಕೈಯಾಡಿಸಿ ಕೇಳಿದ.

"ಇದನ್ನ ಎತ್ತಿ ಹಿಡದು ಬಿಗದೀಯೇನು?"

"ಹೂಂ. ಎತ್ತದ ಕೆಳಗ ಹೆಂಗ ಹೋಗೂದು?"

"ನಮ್ಮ ಕೆಂಚಿ ನೆನಪೈತೇನ ನಿನಗ?"

ಕೆಂಚಿ ನಮ್ಮ ಕುದುರೆ. ಕುರಿಗಳ ಜೊತೆ ಬೀಳಗಿಯ ಕಡೆ ಹೋಗುವಾಗ ಪಾತ್ರೆ, ಹಾಸಿಗೆ, ಎಳೆಮರಿಗಳನ್ನು ಹೊರುತ್ತಿತ್ತು.

"ಹೊರಿ ಹೇರೂ ಮುಂದ ಅದು ಹೊಟ್ಟಿ ಉಬ್ಬಸ್ತಿತ್ತು. ಆವಾಗ ಪಟ್ಟಿ ಬಿಗದ್ರ ಹತ್ತ ಹೆಜ್ಜಿಗೆ ಹೊರಿ ಹೊಳ್ಳತಿತ್ತು. ಅದಕ್ಕ ಮೊದಲ ಸಡಲ ಕಟ್ಟಿ, ಹೊರಿ ಹಾಕಿ, ನಾಕ ಹೆಜ್ಜಿ ನಡಸಿ, ಆಮ್ಯಾಲ ಬಿಗೀತಿದ್ದೆ. ಭಾರ ಹೊತ್ತ ಮ್ಯಾಲ ಅದರ ಮೈ ಬ್ಯಾರೇನ ಇರ್ತೈತಿ."

"ಕಾಕಾ, ಇದ ಕುದುರಿ ಅಲ್ಲ."

"ಗೊತ್ತೈತಿ ಬೇ. ಕುದುರಿ ಆಗಿದ್ರ ಇಷ್ಟೊತ್ತಿಗೆ ನಿನ್ನ ಒದೀತಿತ್ತು."

ನಾನು ನಗಲಿಲ್ಲ. ಪಾನಾ ಕೆಳಗಿಟ್ಟೆ. ಕುದುರೆಯ ಪಟ್ಟಿ ಸಡಿಲಾಗುತ್ತದೆ, ಇಲ್ಲಿ ರಬ್ಬರು ಹರಿಯುತ್ತದೆ. ಎರಡೂ ಒಂದೇ ಅಲ್ಲ. ಆದರೆ ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರು ಆ ಸ್ಥಿತಿಯನ್ನೇ ಕಚ್ಚಿಕೊಳ್ಳುತ್ತದೆ. ಕಾರು ಇಳಿದಾಗ ಅದು ತಿರುಚುತ್ತದೆ, ಕಾರನ್ನು ಮೇಲೆ ನೂಕುತ್ತದೆ, ಕೊನೆಗೆ ಹರಿಯುತ್ತದೆ. ಇಂಗ್ಲಿಷ್ ಪುಸ್ತಕ ತೆಗೆದು ನೋಡಿದೆ. ಆ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಬಿಗಿಯಬೇಕು ಎಂದು ಬರೆದಿತ್ತು. ಅದನ್ನು ನಾನು ಓದಿದ್ದೆ ಕೂಡ. ಸಣ್ಣ ಅಕ್ಷರ, ಸಣ್ಣ ಮಾತು ಎಂದು ದಾಟಿದ್ದೆ. ಮನೆಯ ಕಾಗದಗಳನ್ನೆಲ್ಲ ಓದಿ ಹೇಳುವ ಹುಡುಗಿ ನಾನು.

ಕೊನೆಯ ಜೊತೆ ಬುಶ್ ಕೂರಿಸಿ, ನಟ್ಟು ಸಡಿಲ ಬಿಟ್ಟು, ಈ ಸಲ ಚಕ್ರಗಳ ಕೆಳಗೇ ಹಾಸುಗಲ್ಲು ಕೊಟ್ಟು ಕಾರು ಇಳಿಸಿದೆ. ಹೊರೆ ಬೇಕಲ್ಲ? ವಕೀಲರು ತಮ್ಮ ಜಾಗದಲ್ಲಿ ಕೂತರು. ಪಕ್ಕದ ಸೀಟಿನಲ್ಲಿ ಕಾಕಾ, ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ನಾನು ಕಾರನ್ನು ಒಂದಿಷ್ಟು ಅಲುಗಾಡಿಸಿ ಕೆಳಗೆ ಸರಿದೆ. ಮೇಲೆ ಇಬ್ಬರೂ, ಎಲ್ಲಿಗೋ ಹೊರಟವರಂತೆ, ಹಳೆಯ ತಕರಾರಿನ ಮಾತು ತೆಗೆದರು. ನಡುವೆ ಕಾಕಾನ ದನಿ ಕೇಳಿತು.

"ಸಾಹೇಬರ, ಇಷ್ಟ ಕೆಳಗ ಕುಂತ್ರ ಕುರಿ ಹೊಟ್ಟಿ ಅಷ್ಟಾ ಕಾಣ್ತೈತ್ರಿ. ಹಿಂಡ ಎಲ್ಲೈತಿ ಅಂತ ತಿಳಿಯೂದು ಹೆಂಗ?"

"ಮಾಳಪ್ಪ, ಇದು ಹಿಂಡಿನ ಮುಂದ ಓಡೂ ಗಾಡಿ."

"ಹಂಗಾರ ಕುರಿ ಕಾಯವ್ರಿಗೆ ಅಲ್ಲ ಬಿಡ್ರಿ."

ನಟ್ಟು ಬಿಗಿದು ಹೊರಗೆ ಬಂದಾಗ ಕಾರು ನೆಲಕ್ಕೆ ಸಮನಾಗಿ ಕೂತಿತ್ತು. ಹಿಂಭಾಗವನ್ನು ಒತ್ತಿ ಬಿಟ್ಟೆ. ಒಮ್ಮೆ ಎದ್ದಿತು, ನಿಂತಿತು. ಮತ್ತೆ ಒತ್ತಿದೆ. ಒಂದೇ ಸಲ.

ಪರೀಕ್ಷೆಯ ದಿನ ಬೆಳಿಗ್ಗೆ ವಕೀಲರೇ ಕಾರನ್ನು ಕಾಲೇಜಿಗೆ ಓಡಿಸಿದರು. ಬೀಳಗಿ ದಾಟಿ, ಅನಗವಾಡಿಯ ಸೇತುವೆ ದಾಟಿ, ತೆರೆ ಬಂದಲ್ಲೆಲ್ಲ ನಾನು ಕಿವಿಯನ್ನು ಸೀಟಿನ ಹಿಂದಕ್ಕೆ ಕೊಟ್ಟು ಕೂತಿದ್ದೆ. ಅವರು ಏನೇನು ಮಾತಾಡಿದರೋ ಒಂದೂ ನೆನಪಿಲ್ಲ. ಪಾಟಾ ನರಳಲಿಲ್ಲ, ಅದೊಂದೇ ನೆನಪು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಕೋಟು ತೆಗೆದು ಕಾರಿನ ಕೆಳಗೆ ಇಣುಕಿದರು.

"ಬುಶ್ಶಿನ ನಟ್ಟು ಯಾವಾಗ ಬಿಗಿದಿರಿ?"

"ಕಾರು ಇಳಿಸಿ, ಇಬ್ಬರನ್ನ ಕೂಡಿಸಿ ಬಿಗಿದೆ ಸರ್. ಮೊದಲು ಎತ್ತಿ ಬಿಗಿದಿದ್ದೆ, ಹರೀತು."

"ಸರಿಯಾದ ರೀತಿ ಹೇಗೆ ಗೊತ್ತಾಯಿತು?"

"ನಮ್ಮ ಕಾಕಾ ಹೇಳಿದ್ರು ಸರ್."

"ಅವರದು ಯಾವ ಗ್ಯಾರೇಜು?"

"ಗ್ಯಾರೇಜ್ ಅಲ್ರಿ ಸರ್. ಕುರಿ ಕಾಯ್ತಾರ."

ಅವರು ನನ್ನ ಮುಖ ನೋಡಿದರು. ಕುದುರೆಯ ವಿಷಯ ಹೇಳಿದೆ. ಹೂಂ ಅಂದರು. ಆಮೇಲೆ ಇಪ್ಪತ್ತು ನಿಮಿಷ ಸ್ಪ್ರಿಂಗಿನ ಗಣಿತ ಕೇಳಿ ಬೆವರಿಳಿಸಿದರು. ಕುದುರೆಗೆ ಅಂಕ ಕೊಟ್ಟರೋ ಗಣಿತಕ್ಕೋ, ಇವತ್ತಿಗೂ ತಿಳಿದಿಲ್ಲ. ಈಗ ನಾನೇ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತೇನೆ. ಒಂದು ಪ್ರಶ್ನೆಗೆ ಯಾವ ಉತ್ತರ ಎಲ್ಲಿಂದ ಬರುತ್ತದೆ ಎಂಬ ಕುತೂಹಲ ಮಾತ್ರ ಹೋಗಿಲ್ಲ. ಎಣ್ಣೆ ಅಂಗಡಿಯ ಮುಂದೆ ಅಷ್ಟು ಹೊತ್ತು ನಿಂತದ್ದೂ ಅದಕ್ಕೇ ಇರಬೇಕು.

ಪಾಸಾದೆ. ರ‍್ಯಾಂಕು ಏನೂ ಇಲ್ಲ, ಪಾಸು. ಪ್ರಮಾಣಪತ್ರ ತರಲು ಹೊರಟ ದಿನ ಕಾಕಾ ಕುರಿಗಳನ್ನು ಅಪ್ಪನಿಗೆ ಒಪ್ಪಿಸಿ ತಾನೂ ಬಸ್ಸು ಹತ್ತಿದ. ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ನನ್ನ ಸಹಿ ತೆಗೆದುಕೊಂಡು ಕಾಗದ ಕೊಟ್ಟರು. "ಇದು ತಾತ್ಕಾಲಿಕ. ದೊಡ್ಡದು ಆಮ್ಯಾಲ ಬರ್ತೈತಿ," ಅಂದರು.

ನಾನು ಅದನ್ನು ಕಾಕಾನ ಕೈಗೆ ಕೊಟ್ಟೆ. ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದ.

"ತಾತ್ಕಾಲಿಕ ಅಂದ್ರ ಮತ್ತ ಕಸಗೋತಾರೇನು?"

"ಇಲ್ಲ ಕಾಕಾ. ಇನ್ನ ಯಾರೂ ಕಸಗೋಳಾಕ ಬರೂದಿಲ್ಲ."

"ನಿನ್ನ ಹೆಸರ ಎಲ್ಲೈತಿ?"

ತೋರಿಸಿದೆ. ಆ ಸಾಲನ್ನು ಎಡದಿಂದ ಬಲಕ್ಕೆ, ಓದುವವರ ಹಾಗೆಯೇ, ನಿಧಾನವಾಗಿ ನೋಡಿದ. ಕಾಗದ ನನಗೆ ಮರಳಿ ಕೊಟ್ಟು, ರುಮಾಲು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ನಾಲ್ಕು ಹೆಜ್ಜೆ ಹೋದವನು ನಿಂತು ತನ್ನ ಮಗಳ ಮಾತು ತೆಗೆದ.

"ನಮ್ಮ ಲಕ್ಕವ್ವಂದು ಏಳ ಮುಗದೈತಿ. ನಾಳೆ ಮುಂಜಾನೆ ಸಾಲಿಗೆ ಹೋಗಿ ಎಂಟಕ್ಕ ಹೆಸರ ಹಚ್ಚಬೇಕು. ನೀನೂ ಬಾ ಬೇ. ಮಾಸ್ತರ ಏನರ ಕೇಳಿದ್ರ ನನಗ ತಿಳಿಯೂದಿಲ್ಲ."